ಬಾಗಿಲ ಹಿಂದಿನ ಹಳದಿ ಚೀಲ

ಚೀಲಗಳು ಹಳದಿ ಬಣ್ಣದವು. ಬಾಯಿಗೆ ಲಾಡಿ, ಹೊಟ್ಟೆಯ ಮೇಲೆ ಕಪ್ಪು ಶಾಯಿಯಲ್ಲಿ ಒಂದು ಅಂಕಿ, ಅಷ್ಟೇ. ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ಇಪ್ಪತ್ನಾಲ್ಕು ಮನೆಗಳ ಬಾಗಿಲ ಹಿಂದೆ ಅವನ್ನು ನಾನೇ ನೇತು ಹಾಕಿದ್ದೆ. ಮೊಳೆ ಇಲ್ಲದ ಮೂರು ಮನೆಗಳಿಗೆ ಮೊಳೆಯನ್ನೂ ಒಯ್ದಿದ್ದೆ. ಇದೆಲ್ಲ ನನ್ನ ದಿನಚರಿಯಲ್ಲಿದೆ.

ಊರು ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ಒಂದು. ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಮಿರ್ಚಿ ಅಂಗಡಿ, ಹಿಂದೆ ಶೇಂಗಾ ಮಿಲ್ಲು, ಅದರಾಚೆ ಮಂಡಕ್ಕಿ ಭಟ್ಟಿಗಳ ಹೊಗೆ. ಇಷ್ಟು ಹೇಳಿದರೆ ಐದೂ ಊರಿನವರು ನಮ್ಮೂರೇ ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಯಾರ ಮನೆ ಎಂದು ಯಾರೂ ಬೆರಳು ಮಾಡದಿದ್ದರೆ ಸಾಕು.

ಎರಡು ಸಾವಿರದ ಇಸವಿಯ ಆಚೀಚೆ. ನನಗೆ ಇಪ್ಪತ್ತು ತುಂಬಿರಲಿಲ್ಲ. ಪಿಯುಸಿ ಮುಗಿಸಿ, ಟೀಚರಾಗುವ ತರಬೇತಿಯ ಟಿಸಿಎಚ್ ಸೀಟಿಗೆ ಅರ್ಜಿ ಹಾಕಿ ಮನೆಯಲ್ಲಿದ್ದೆ. ಅಪ್ಪ ಬಟ್ಟೆ ಹೊಲಿಯುತ್ತಿದ್ದರು, ಕಾಜಾ ಗುಂಡಿ ನನ್ನ ಪಾಲಿಗೆ. ದಿನಕ್ಕೆ ಎಷ್ಟು ಕಾಜಾ ಹೊಲಿದೆ, ಎಷ್ಟು ಪುಟ ಓದಿದೆ, ಹೊಸಪೇಟೆ ಬಸ್ಸು ಎಷ್ಟು ನಿಮಿಷ ತಡವಾಗಿ ಬಂತು, ಎಲ್ಲವನ್ನೂ ಬರೆದಿಡುವ ಚಟ ನನಗೆ ಏಳನೇ ಇಯತ್ತೆಯಿಂದ ಇತ್ತು. ಹಾಗಾಗಿ ದಾವಣಗೆರೆಯಿಂದ ಒಬ್ಬ ಮೇಲ್ವಿಚಾರಕರು ಬಂದು, ಓದು ಬರಹ ಬಲ್ಲ, ಮನೆಯೊಳಗೆ ಹೋಗಿ ಮಾತಾಡಬಲ್ಲ ಒಬ್ಬ ಹುಡುಗಿ ಬೇಕೆಂದು ಕೇಳಿದಾಗ, ಅಪ್ಪನ ಗಿರಾಕಿಯೊಬ್ಬರು ನೇರವಾಗಿ ನಮ್ಮ ಮನೆ ತೋರಿಸಿದರು.

ಕೆಲಸ ಸರಳ. ಯಾವುದೋ ದೊಡ್ಡ ಸೋಪಿನ ಕಂಪನಿಗೆ, ಸಣ್ಣ ಊರಿನ ಮಂದಿ ಏನು ಕೊಳ್ಳುತ್ತಾರೆಂದು ತಿಳಿಯಬೇಕಿತ್ತು. ಬಾಯಲ್ಲಿ ಕೇಳಿದರೆ ಜನ ನೆನಪಿಲ್ಲ ಅನ್ನುತ್ತಾರೆ, ಇಲ್ಲವೆ ಸ್ವಲ್ಪ ಸೇರಿಸಿ ಹೇಳುತ್ತಾರೆ. ಅದಕ್ಕೇ ಚೀಲ. ಸೋಪಿನ ಹಾಳೆ, ಚಹಾಪುಡಿಯ ಪೊಟ್ಟಣ, ಶಾಂಪೂ, ಹಲ್ಲುಪುಡಿ, ಬಿಸ್ಕತ್ತು, ಬಳಸಿದ ಮೇಲೆ ಯಾವುದನ್ನೂ ಒಗೆಯದೆ ಚೀಲಕ್ಕೆ ಹಾಕಬೇಕು. ತಿಂಗಳ ಮೊದಲ ಭಾನುವಾರ ನಾನು ಹೋಗಿ ಎಣಿಸಬೇಕು, ನಮೂನೆಯಲ್ಲಿ ತುಂಬಬೇಕು. ಮನೆಯವರಿಗೆ ಆರು ತಿಂಗಳಿಗೊಂದು ಪ್ಲಾಸ್ಟಿಕ್ ಬಕೆಟ್.

ಮೇಲ್ವಿಚಾರಕರು ಒಂದು ಮಾತನ್ನು ಎರಡು ಸಲ ಹೇಳಿದ್ದರು. "ಹೆಸರು ಬರೀಬೇಡಮ್ಮ, ನಂಬರ್ ಸಾಕು. ಯಾರ ಮನೆ ಅಂತ ಕಂಪನಿಗೆ ಬೇಕಾಗಿಲ್ಲ."

ಕಂಪನಿಯ ನಮೂನೆಯಲ್ಲಿ ನಾನು ಹೆಸರು ಬರೆಯಲಿಲ್ಲ. ಆದರೆ ನಮೂನೆಗಳು ತಿಂಗಳಾ ತಿಂಗಳಾ ದಾವಣಗೆರೆಗೆ ಹೋಗಿಬಿಡುತ್ತಿದ್ದವು, ನನ್ನ ಹತ್ತಿರ ಏನೂ ಉಳಿಯುತ್ತಿರಲಿಲ್ಲ. ಅದು ನನಗೆ ಸಹಿಸಲಾಗದ ಸಂಗತಿ. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಕಂದು ಹಾಳೆಯ ರಟ್ಟು ಹಾಕಿ, ಕೆಂಪು ಗೆರೆ ಎಳೆದು, ಎಲ್ಲದರ ಇನ್ನೊಂದು ಪ್ರತಿ ಮಾಡಿಕೊಂಡೆ. ಬರೀ ಅಂಕಿ ಇದ್ದರೆ ಯಾವುದು ಯಾರ ಮನೆ ಎಂದು ಗೊಂದಲ ಆಗುತ್ತದೆಂದು ಪ್ರತಿ ಪುಟದ ತಲೆಯ ಮೇಲೆ ಮನೆಯವರ ಹೆಸರು, ಓಣಿ, ತಲೆಗಳ ಎಣಿಕೆ ಬರೆದೆ. ಯಾರಿಗೆ ತೋರಿಸಲು? ಯಾರಿಗೂ ಅಲ್ಲ. ಅಚ್ಚುಕಟ್ಟಾಗಿ ಇರಲಿ ಅಂತ.

ಅವ್ವನಿಗೆ ಈ ಕೆಲಸ ಮೊದಲಿನಿಂದ ಸೇರಲಿಲ್ಲ. ಇಪ್ಪತ್ತೈದನೆಯ ಚೀಲವೊಂದು ಮಿಕ್ಕಿತ್ತು, ನಮ್ಮ ಮನೆಗೂ ಹಾಕೋಣವೇ ಎಂದು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ನಮ್ಮನಿ ಕಸ ನಮ್ಮ ತಿಪ್ಪಿಗಿ ಹೋಗ್ಲಿ ಬಿಡು. ಮಂದಿ ಎಣಿಸಾಕ ಏನೈತಿ ಅದರಾಗ?" ಅಂದಳು. ನಾನು ನಕ್ಕು, ಆ ಚೀಲದಲ್ಲಿ ಗುಂಡಿಗಳನ್ನು ಹಾಕಿಟ್ಟೆ.

ಆ ಭಾನುವಾರಗಳನ್ನು ನೆನೆದರೆ ಈಗಲೂ ಮೂಗಿಗೆ ಒಂದು ವಾಸನೆ ಬರುತ್ತದೆ. ತಿಂಗಳಿಡೀ ಮುಚ್ಚಿದ್ದ ಚೀಲದ ಲಾಡಿ ಬಿಚ್ಚಿದ ಕೂಡಲೆ ಮೇಲೇಳುವ ವಾಸನೆ: ಸೋಪು, ಚಹಾಪುಡಿ, ಕೊಬ್ಬರಿ ಎಣ್ಣೆ, ಊದಿನಕಡ್ಡಿ ಎಲ್ಲ ಸೇರಿದ್ದು. ಕಣ್ಣು ಮುಚ್ಚಿಕೊಂಡು ಮೂಸಿದರೂ ಯಾರ ಮನೆ ಎಂದು ಹೇಳಬಲ್ಲೆನೆಂಬ ಜಂಬ ನನಗೆ ಬಂದಿತ್ತು. ಬೆಳಿಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಹದಿನೈದು ಮನೆ ಮುಗಿಯುತ್ತಿತ್ತು. ಒಂದೊಂದು ಮನೆಯಲ್ಲೂ ಏನಾದರೂ ತಿನ್ನಲು ಕೊಡುತ್ತಿದ್ದರು. ಒಗ್ಗರಣೆ ಮಂಡಕ್ಕಿ, ಕುದಿಸಿದ ಶೇಂಗಾ, ಬಸಿಯಲ್ಲಿ ಸುರಿದ ಚಹಾ. ಒಂದು ದಿನದಲ್ಲಿ ಅತಿ ಹೆಚ್ಚೆಂದರೆ ಹದಿಮೂರು ಸಲ ಚಹಾ ಕುಡಿದ ದಾಖಲೆ ನನ್ನ ದಿನಚರಿಯಲ್ಲಿದೆ.

ಮೂರನೇ ಮನೆಯ ಅಜ್ಜಿ ಮೈ ಸೋಪಿನ ಹಾಳೆಯನ್ನು ಚೀಲಕ್ಕೆ ಹಾಕುತ್ತಲೇ ಇರಲಿಲ್ಲ. ಸೀರೆಗಳ ಮಡಿಕೆಯಲ್ಲಿಟ್ಟರೆ ಟ್ರಂಕು ಘಮ್ ಅನ್ನುತ್ತದೆ. ವಾಸನೆ ಹೋಗಲಿ, ಆಮೇಲೆ ಕೊಡುತ್ತೇನೆ ಅನ್ನುತ್ತಿದ್ದಳು. ನಾನು 'ಸೀರೆಯಲ್ಲಿ ಎರಡು' ಎಂದು ಬರೆಯುತ್ತಿದ್ದೆ. ಏಳನೇ ಮನೆಯ ಮಕ್ಕಳು ಚಹಾ ಪೊಟ್ಟಣ ಹರಿದು ಟಿಕೆಟ್ ಮಾಡಿಕೊಂಡು, ಜಗಲಿಯನ್ನೇ ಬಸ್ಸು ಮಾಡಿ, ಹೊಸಪೇಟಿ ಹೊಸಪೇಟಿ ಎಂದು ಕೂಗುತ್ತಿದ್ದವು. ಅಲ್ಲಿ ಅರ್ಧ, ಕಾಲು ಎಂದೆಲ್ಲ ಬರೆಯಬೇಕಾಗುತ್ತಿತ್ತು. ಹನ್ನೊಂದನೆಯದು ನಿವೃತ್ತ ಹೆಡ್ ಮಾಸ್ತರರ ಮನೆ. ಅವರು ಪ್ರತಿ ಹಾಳೆಯ ಹಿಂದೆಯೂ ಕೊಂಡ ತಾರೀಖು, ಮುಗಿದ ತಾರೀಖು ಬರೆದೇ ಹಾಕುತ್ತಿದ್ದರು. ಆ ಚೀಲ ಬಿಚ್ಚುವಾಗ ನನಗೆ ಹಬ್ಬ.

ಹದಿನಾರನೇ ಮನೆಯ ಸೊಸೆ ಅತ್ತೆಯ ಎದುರು ಚೀಲ ಕೊಟ್ಟು, ಆಮೇಲೆ ನೀರು ಕೊಡುವ ನೆಪದಲ್ಲಿ ಹಿತ್ತಿಲಿಗೆ ಕರೆದು ಸೆರಗಿನಿಂದ ಇನ್ನೊಂದು ಸಣ್ಣ ಗಂಟು ತೆಗೆಯುತ್ತಿದ್ದಳು. ಅದರಲ್ಲಿ ಚಾಕಲೇಟಿನ ಹಾಳೆ, ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬು. ಅತ್ತಿ ಮುಂದ ಎಣಿಸಬ್ಯಾಡ ಎಂದು ಅಷ್ಟೇ ಹೇಳುತ್ತಿದ್ದಳು. ನಾನು ಅತ್ತೆಯ ಮುಂದೆ ಎಣಿಸಲಿಲ್ಲ. ಆದರೆ ಅವಳ ಹೆಸರಿನ ಪುಟದಲ್ಲಿ ಬರೆದೆ. ಅದೂ ಒಂದು ಮಾತು ಮುರಿದಂತೆ ಎಂದು ಆಗ ಹೊಳೆಯಲಿಲ್ಲ.

ಒಂದು ಪದ್ಧತಿ ನಾನೇ ಮಾಡಿಕೊಂಡಿದ್ದೆ. ಎಣಿಸಿ ಮುಗಿದ ಮೇಲೆ ಚೀಲವನ್ನು ಬೋರಲು ಹಿಡಿದು ಎರಡು ಸಲ ಜಾಡಿಸುವುದು, "ಇಷ್ಟೇನಾ?" ಎಂದು ಕೇಳುವುದು. ಮೂಲೆಯಲ್ಲಿ ಸಣ್ಣ ಪೊಟ್ಟಣ ಸಿಕ್ಕಿಕೊಂಡಿರುತ್ತದೆ, ಬಿಟ್ಟು ಹೋಗಬಾರದು ಅಂತ. ಎಲ್ಲ ಮನೆಯಲ್ಲೂ ಕೇಳುತ್ತಿದ್ದೆ.

ಹತ್ತೊಂಬತ್ತನೆಯದು ಭಟ್ಟಿಯ ಅಕ್ಕನ ಮನೆ. ಮಂಡಕ್ಕಿ ಭಟ್ಟಿಯಲ್ಲಿ ಬಿಸಿ ಮರಳಿನಿಂದ ಮಂಡಕ್ಕಿಯನ್ನು ಜರಡಿ ಹಿಡಿಯುವ ಕೆಲಸ ಅವಳದು. ಬೆಳಗಿನ ಹೊತ್ತು ಎರಡು ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಎಂಟನೇ ಇಯತ್ತೆಯ ಒಬ್ಬಳು ಮಗಳು. ತಗಡು ಹೊದಿಸಿದ ಒಂದೇ ಕೋಣೆ, ಸಾರಿಸಿದ ನೆಲ, ಗೋಡೆಗೆ ಒರಗಿಸಿದ ನಾಲ್ಕು ಪಾತ್ರೆ. ಕರಿ ಚಹಾ ಮಾಡಿ ಲೋಟದ ಹೊರಮೈಯನ್ನು ಸೆರಗಿನಿಂದ ಒರೆಸಿ ಕೊಡುತ್ತಿದ್ದಳು. ಮೊದಲ ತಿಂಗಳು ಅವಳ ಚೀಲದಲ್ಲಿ ಅಂಥದ್ದೇನೂ ಇರಲಿಲ್ಲ. ಎರಡನೇ ತಿಂಗಳಿಂದ ಅದು ಉಬ್ಬಿಕೊಂಡಿರತೊಡಗಿತು. ಹಸಿರು ಸೋಪು, ಬಿಳಿ ಸೋಪು, ಮೂರು ತರದ ಶಾಂಪೂ, ಕೆನೆ ಬಿಸ್ಕತ್ತು. 'ಎರಡು ತಲೆ, ಹನ್ನೊಂದು ಶಾಂಪೂ' ಎಂದು ನಾನೇ ಬರೆದಿದ್ದೇನೆ. ಹಾಳೆಗಳು ತೊಳೆದು ಒಣಗಿಸಿದಂತೆ ಬಿರುಸಾಗಿದ್ದವು. ಒಂದರ ಹಿಂದೆ ಸಣ್ಣ ಅಕ್ಷರದಲ್ಲಿ ಎರಡು ತಾರೀಖುಗಳೂ ಇದ್ದವು. ಅದನ್ನು ನೋಡಿದೆ, ಎಣಿಸಿದೆ, ಮುಂದಿನ ಮನೆಗೆ ಹೋದೆ. ಎಣಿಕೆ ಸರಿಯಾಗಿತ್ತು. ನನಗೆ ಅಷ್ಟೇ ಬೇಕಿತ್ತು.

ಶ್ರಾವಣದ ಎರಡನೇ ಸೋಮವಾರ ರೇಷನ್ ಕಾರ್ಡಿನ ತಪಾಸಣೆಯವರು ನಮ್ಮ ಓಣಿಗೆ ಬಂದರು. ಬಡವರಿಗೆ ಕೊಡುವ ಹಸಿರು ಕಾರ್ಡು ಅನುಕೂಲಸ್ಥರ ಕೈಯಲ್ಲೂ ಇದೆ, ಅದನ್ನು ಬೇರೆ ಮಾಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತಂತೆ. ಬಂದವರು ಒಬ್ಬರೇ, ಕೆಟ್ಟ ಮನುಷ್ಯರೇನಲ್ಲ. ಯಾರದೋ ಮೊಪೆಡ್ಡು ಎರವಲು ತಂದು, ಬಿಸಿಲಲ್ಲಿ ಮನೆ ಮನೆ ತಿರುಗಿ, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಅಪ್ಪ ಅವರನ್ನು ಕೂರಿಸಿ ನೀರು ಕೊಟ್ಟರು. ಹೊಲಿಗೆ ಯಂತ್ರದ ಮೇಲೆ ನನ್ನ ನೋಟ್‌ಬುಕ್ ಇತ್ತು. ಗಾಳಿ ಹಾಕಿಕೊಳ್ಳಲು ಅದನ್ನು ಎತ್ತಿಕೊಂಡವರು, ತೆರೆದು ನೋಡಿದರು. ಗಾಳಿ ಹಾಕಿಕೊಳ್ಳುವುದನ್ನು ಮರೆತೇಬಿಟ್ಟರು.

"ಇದನ್ನ ಯಾರ್ರಿ ಬರ್ದೋರು?" ಎಂದು ಕೇಳಿದರು.

"ನಮ್ಮ ಹುಡುಗಿ ನೋಡ್ರಿ," ಅಂದರು ಅಪ್ಪ.

"ನಮ್ಮ ಆಫೀಸಿನಾಗ ಒಬ್ರರ ಹಿಂಗ ಬರಿಯಂಗಿಲ್ಲ. ಒಂದಿನದ ಮಟ್ಟಿಗೆ ಕೊಡವ್ವ, ನೋಡಿ ಕೊಡ್ತೀನಿ."

ಅಪ್ಪನ ಮುಖ ಅರಳಿತ್ತು. ನನ್ನದೂ ಅರಳಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ ನನ್ನನ್ನೇ ನೋಡಿದಳು. ನಾನು ಕೊಟ್ಟೆ. ಅಷ್ಟು ದಿನ ಆ ಪುಟಗಳನ್ನು ನನ್ನ ಹೊರತು ಇನ್ನೊಬ್ಬರು ನೋಡಿರಲಿಲ್ಲ. ಬಲ್ಲವರು ನೋಡಲಿ ಎಂಬ ಆಸೆ ನನಗಿತ್ತು ಎಂಬುದನ್ನು ಈಗ ಬಚ್ಚಿಡಲಾರೆ.

ಪುಸ್ತಕ ಮೂರನೇ ದಿನ ವಾಪಸು ಬಂತು. ರಟ್ಟಿನ ಮೇಲೆ ಚಹಾ ಲೋಟದ ಉಂಗುರ, ಒಳಗೆ ಕೆಲವು ಹೆಸರುಗಳ ಪಕ್ಕ ಪೆನ್ಸಿಲಿನ ಸಣ್ಣ ಗೀಟು. ಪುಟ ಕೆಟ್ಟಿತಲ್ಲ ಎಂದು ನನಗೆ ಸಿಟ್ಟು ಬಂತು. ರಬ್ಬರು ತೆಗೆದುಕೊಂಡು ಗೀಟುಗಳನ್ನೆಲ್ಲ ಅಳಿಸಿ, ಪುಡಿಯನ್ನು ಊದಿದೆ. ಗೀಟು ಯಾಕೆ ಹಾಕಿದ್ದಾರೆಂದು ಯೋಚಿಸಲಿಲ್ಲ.

ಇಪ್ಪತ್ತು ದಿನಕ್ಕೆ ರೇಷನ್ ಅಂಗಡಿಯ ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಸೀಮೆಎಣ್ಣೆಗೆಂದು ನಾನು ಸಾಲಿನಲ್ಲಿದ್ದೆ. ರದ್ದಾದವರ ಹೆಸರು ಹನ್ನೊಂದು. ಕಾರಣದ ಅಂಕಣದಲ್ಲಿ ಎಲ್ಲರಿಗೂ ಒಂದೇ ಮಾತು: ಅನುಕೂಲಸ್ಥರು. ಓದಲು ಬಾರದವರಿಗಾಗಿ ತೂಕ ಮಾಡುವವನು ಗಟ್ಟಿಯಾಗಿ ಓದುತ್ತಿದ್ದ. ಭಟ್ಟಿಯ ಅಕ್ಕ ನನಗಿಂತ ನಾಲ್ಕು ಜನ ಮುಂದೆ ಡಬ್ಬಿ ಹಿಡಿದು ನಿಂತಿದ್ದಳು. ಅವಳ ಹೆಸರು ಕೆಳಗಿನಿಂದ ಮೂರನೆಯದು.

ಸಾಲಿನಲ್ಲಿದ್ದ ಒಬ್ಬ ಹೆಂಗಸು, "ಏನಬೇ ಯಕ್ಕಾ, ಉಸುಕು ಜರಡಿ ಹಿಡಿಯಾಕ ಹೋಗಿ ಬಂಗಾರ ಹಿಡಿದೇನು?" ಅಂದಳು. ಎರಡು ಮೂರು ಮಂದಿ ನಕ್ಕರು. ಅಕ್ಕನೂ ನಕ್ಕಳು. ನಗುತ್ತಲೇ ಸಾಲು ಬಿಟ್ಟು, ಖಾಲಿ ಡಬ್ಬಿಯನ್ನು ಸೆರಗಿನೊಳಗೆ ಮಾಡಿಕೊಂಡು ಹೊರಟುಹೋದಳು.

ಮನೆಗೆ ಬಂದು ನೋಟ್‌ಬುಕ್ ತೆರೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಪೆನ್ಸಿಲ್ ಹೋಗಿದ್ದರೂ ಒತ್ತಿದ ಗುರುತು ಉಳಿದಿತ್ತು. ಏಳು ಹೆಸರಿನ ಪಕ್ಕ ಗೀಟು. ಪಟ್ಟಿಯ ಹನ್ನೊಂದರಲ್ಲಿ ಏಳು ನನ್ನ ಪುಸ್ತಕದವು. ಹತ್ತೊಂಬತ್ತನೇ ಮನೆಯ ಪುಟದಲ್ಲಿ 'ಹನ್ನೊಂದು ಶಾಂಪೂ' ಎಂಬುದರ ಕೆಳಗೂ ಎರಡು ಗೀಟು ಎಳೆದಿದ್ದರು.

ಮರುದಿನ ಬೆಳಿಗ್ಗೆ ಅವಳು ಮುಸುರೆಗೆ ಹೊರಡುವ ಮೊದಲೇ ಹೋದೆ. ಮಗಳು ಹೊರಗೆ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳು. ನಾನು ಪುಸ್ತಕ ಕೊಟ್ಟದ್ದನ್ನು, ಗೀಟು ಅಳಿಸಿದ್ದನ್ನು ಎಲ್ಲ ಹೇಳಿದೆ. ಅಕ್ಕ ಸಿಟ್ಟಾಗಲಿಲ್ಲ. ಚಹಾಕ್ಕಿಡುತ್ತ ಕೇಳಿದಳು: "ಮೊದಲನೇ ತಿಂಗಳ ನೀ ಬಂದಾಗ ಚೀಲದಾಗ ಏನಿತ್ತು, ನೆನಪೈತೇನ್ ತಂಗಿ?"

ಪುಸ್ತಕ ತೆಗೆಯದೆಯೇ ನನಗೆ ನೆನಪಿತ್ತು. ಬಟ್ಟೆ ಸೋಪು ಒಂದು, ಸಣ್ಣ ಚಹಾ ಪೊಟ್ಟಣ ಒಂದು, ಹಲ್ಲುಪುಡಿ ಒಂದು.

"ಮೂರ ಹಾಳಿ. ನೀ ಚೀಲ ಬೋರಲ ಮಾಡಿ ಜಾಡಿಸಿದಿ. ಏನೂ ಬೀಳಲಿಲ್ಲ. 'ಇಷ್ಟೇನಾ ಅಕ್ಕ' ಅಂದಿ. ನನ್ನ ಮಗಳು ಅಲ್ಲೇ ನಿಂತಿದ್ಲು." ಒಲೆಯ ಕಡೆ ಮುಖ ಮಾಡಿ ಹೇಳುತ್ತಿದ್ದಳು. "ಮುಂದಿನ ತಿಂಗಳಿಂದ ಆರಿಸಿ ತಂದು ತುಂಬಿದ್ನಿ. ಮುಸುರಿ ಮನೀದು, ಬಸ್ ಸ್ಟ್ಯಾಂಡಿನ ಹಿಂದಿಂದು. ತೊಳ್ದು ಒಣಗಿಸಿ ಹಾಕ್ತಿದ್ನಿ. ನೀ ಎಣಿಸೋವಾಗ ಚಲೋ ಅನ್ನಿಸ್ತಿತ್ತು ನೋಡು."

ಆ ಮುಸುರೆಯ ಮನೆಗಳಲ್ಲಿ ಒಂದು ಹೆಡ್ ಮಾಸ್ತರರದು. ತಾರೀಖು ಬರೆದ ಹಾಳೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. ಒಂದೇ ಹಾಳೆಯನ್ನು ನಾನು ಒಂದು ತಿಂಗಳು ಮಾಸ್ತರರ ಚೀಲದಿಂದ ಎಣಿಸಿ ಅಲ್ಲೇ ಅವರ ಕಸಕ್ಕೆ ಹಾಕಿ, ಮುಂದಿನ ತಿಂಗಳು ಇವಳ ಚೀಲದಿಂದ ಎಣಿಸಿದ್ದೆ.

ಕಾರ್ಡು ಹೋದರೆ ಏನಾಗುತ್ತದೆಂದು ಅವಳು ಗೋಳು ಹೇಳಿಕೊಳ್ಳಲಿಲ್ಲ. ಅಂಗಡಿಯಲ್ಲಿ ಅಕ್ಕಿ ಕೊಳ್ಳಬೇಕು, ಅದಕ್ಕೆ ಒಬ್ಬಳ ದುಡಿಮೆ ಸಾಲದು, ದೀಪಾವಳಿ ಕಳೆದ ಮೇಲೆ ಮಗಳನ್ನೂ ಭಟ್ಟಿಗೆ ಕರೆದುಕೊಂಡು ಹೋಗಬೇಕು ಅಂದಳು. ಬಸ್ಸಿನ ವೇಳೆ ಹೇಳುವಂತೆ ಹೇಳಿದಳು. ಹೊರಗೆ ಓದುತ್ತಿದ್ದ ದನಿ ಅಷ್ಟು ಹೊತ್ತಿಗೆ ನಿಂತಿತ್ತು.

ಅಲ್ಲಿಂದ ನೇರ ತಪಾಸಣೆಯವರನ್ನು ಹುಡುಕಿಕೊಂಡು ಹೋದೆ. ಹತ್ತೊಂಬತ್ತನೇ ಮನೆಯ ಲೆಕ್ಕ ಸರಿಯಿಲ್ಲ ಎಂದಷ್ಟೇ ಹೇಳಿದೆ, ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಗುರುವಾರ ಶಾಲೆಯ ಪಡಸಾಲೆಯಲ್ಲಿ ತಕರಾರು ಕೇಳುವುದಿದೆ, ಲೆಕ್ಕ ಹೇಗೆ ತಪ್ಪಿತೆಂದು ಆಕೆಯೇ ಬಂದು ಹೇಳಲಿ, ಬರೆದುಕೊಳ್ಳುತ್ತೇನೆ ಅಂದರು. ನ್ಯಾಯವಾದ ಮಾತೇ. ನಾನು ಹಗುರಾಗಿ ಅಕ್ಕನ ಹತ್ತಿರ ಓಡಿದೆ. ಅವಳು ಜರಡಿ ಹಿಡಿದ ಕೈ ನಿಲ್ಲಿಸಿ, "ಕಾರ್ಡ್ ಹೋದ್ರ ಹೋಗ್ಲಿ. ನಾಕ ಮಂದಿ ಮುಂದ ಕಸ ಆರಿಸಿ ಚೀಲ ತುಂಬೀನಿ ಅಂತ ನಾ ಹೇಳಂಗಿಲ್ಲ. ನನ್ನ ಮಗಳು ಅದಽ ಸಾಲಿಗಿ ಹೋಗ್ಬೇಕು," ಅಂದಳು. ನನ್ನನ್ನೂ ಹೇಳಬಾರದೆಂದು ಮಂಡಕ್ಕಿ ರಾಶಿಯ ಮೇಲೆ ಕೈಯಿಟ್ಟು ಆಣೆ ಮಾಡಿಸಿಕೊಂಡಳು. ಅಂಗೈಗೆ ಅದು ಇನ್ನೂ ಬಿಸಿ ಇತ್ತು.

ಗುರುವಾರದವರೆಗೆ ನನ್ನ ದಿನಚರಿಯಲ್ಲಿ ಏನೂ ಇಲ್ಲ. ಎರಡು ದಿನ ಖಾಲಿ. ಅದಕ್ಕೆ ಮೊದಲು ಹಾಗೆ ಆಗಿರಲಿಲ್ಲ.

ಪಡಸಾಲೆಯಲ್ಲಿ ನಲವತ್ತು ಜನ ಇದ್ದಿರಬೇಕು. ಅವತ್ತು ನಾನು ಎಣಿಸಲಿಲ್ಲ. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಹೆಡ್ ಮಾಸ್ತರರು ಮುಂದಿನ ಬೆಂಚಿನಲ್ಲಿದ್ದರು. ಅಕ್ಕ ಬಂದಿರಲಿಲ್ಲ. ಹತ್ತೊಂಬತ್ತನೇ ಮನೆಯ ಹೆಸರು ಕರೆದಾಗ ನಾನು ಎದ್ದು, ಪುಸ್ತಕವನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಬರೆದದ್ದು ತಪ್ಪು ಎಂದೆ.

"ಇದೊಂದ ಮನೀದು ತಪ್ಪೋ, ಎಲ್ಲಾ ತಪ್ಪೋ?" ಎಂದು ತಪಾಸಣೆಯವರು ಕೇಳಿದರು.

ಇದೊಂದೇ ಅಂದರೆ, ಇದೊಂದೇ ಯಾಕೆ ಅನ್ನುತ್ತಾರೆ. ಆಮೇಲೆ ಹಾಳೆಗಳ ಕಥೆಗೇ ಬರಬೇಕಾಗುತ್ತದೆ. ಅಷ್ಟು ದೂರ ನಾನು ಮೊದಲೇ ಯೋಚಿಸಿ ಹೋಗಿದ್ದೆ.

"ಎಲ್ಲಾ ತಪ್ಪರಿ. ಮನಿಮನಿಗೆ ಹೋಗಿ ಎಣಿಸಿಲ್ಲ ನಾನು. ಮನ್ಯಾಗ ಕುಂತು ಮನಸಿಗೆ ಬಂದಂಗ ಬರ್ದೀನಿ."

ನಾನು ಚೀಲ ಎಣಿಸಿದ ಮನೆಯವರೂ ಅಲ್ಲಿದ್ದರು; ಕಾರ್ಡು ಹೋದವರಿಗೆ ಆ ಸುಳ್ಳೇ ಬೇಕಿತ್ತು, ಉಳಿದವರಿಗೆ ತಮ್ಮ ಪುಟ ಹೊರಗೆ ಬಾರದಿದ್ದರೆ ಸಾಕಿತ್ತು. ಹಿಂದಿನಿಂದ ಒಬ್ಬರು, ಅಕ್ಷರ ನೋಡಿದ್ರ ಮುತ್ತು, ಒಳಗೆಲ್ಲ ಸುಳ್ಳು ಅಂದರು. ನಗೆ ಎದ್ದಿತು. ಅಪ್ಪ ಕಂಬದಿಂದ ಬೆನ್ನು ತೆಗೆದು ನೇರ ನಿಂತರು, ನಂತರ ಹೊರಗೆ ನಡೆದರು. ಹೆಡ್ ಮಾಸ್ತರರು ನನ್ನ ಕಡೆ ತಿರುಗಿದರು. ತಿಂಗಳಾ ತಿಂಗಳಾ ಅವರ ಮನೆಯ ನಡುಮನೆಯಲ್ಲಿ ಕೂತು ನಾನು ಎಣಿಸಿದ್ದನ್ನು ಪಕ್ಕದಲ್ಲೇ ಕೂತು ಎರಡನೇ ಸಲ ಎಣಿಸಿದವರು ಅವರು. ನಾನು ಹೇಳುತ್ತಿರುವುದು ಸುಳ್ಳೆಂದು ಆ ಪಡಸಾಲೆಯಲ್ಲಿ ಖಚಿತವಾಗಿ ಗೊತ್ತಿದ್ದವರು. ಕನ್ನಡಕ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮೇಜಿನ ಕಡೆ ತಿರುಗಿ ಕೂತರು.

ತಪಾಸಣೆಯವರು ಪುಸ್ತಕವನ್ನು ಬೆರಳ ತುದಿಯಿಂದ ನನ್ನ ಕಡೆ ತಳ್ಳಿದರು. ಅದನ್ನು ನಂಬಿ ಬರೆದದ್ದನ್ನೆಲ್ಲ ಅವರು ಮತ್ತೆ ನೋಡಲೇಬೇಕಾಯಿತು. ಏಳೂ ಮನೆಗೆ ಮೊಪೆಡ್ಡಿನಲ್ಲಿ ಹೋದರು. ಹತ್ತೊಂಬತ್ತನೇ ಮನೆಯಲ್ಲಿ ಒಳಗೆ ಕಾಲಿಡುವ ಮೊದಲೇ, ತಗಡು ನೋಡಿ ಬರೆದುಕೊಂಡು ತಿರುಗಿದರಂತೆ. ಅಕ್ಕನದೂ ಸೇರಿ ಐದು ಕಾರ್ಡು ವಾಪಸು ಬಂದವು, ಎರಡು ಬರಲಿಲ್ಲ. ಅದಕ್ಕೆ ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ಅವ್ವ ನಮ್ಮ ಪಾಲಿನ ಸೀಮೆಎಣ್ಣೆಯಿಂದ ಒಂದು ಬಾಟಲಿ ಪ್ರತ್ಯೇಕ ಇಡುತ್ತಿದ್ದಳು. ಯಾರಿಗೆ ಅಂತ ನಾನು ಕೇಳಲಿಲ್ಲ. ಅಪ್ಪ ಹದಿನೇಳು ದಿನ ನನ್ನ ಜೊತೆ ಮಾತಾಡಲಿಲ್ಲ. ಹದಿನೆಂಟನೇ ದಿನ ಒಂದು ಅಂಗಿ ಕೊಟ್ಟು, ಗುಂಡಿ ಹಚ್ಚವ್ವ ಅಂದರು.

ಸುದ್ದಿ ದಾವಣಗೆರೆಗೂ ಮುಟ್ಟಿತು. ಮೇಲ್ವಿಚಾರಕರು ಬಂದರು. ಈ ಊರಿನ ಲೆಕ್ಕವನ್ನೇ ಕೈಬಿಡಬೇಕಾಗುತ್ತದೆ ಎಂದು ತಲೆ ಆಡಿಸಿದರು. ನಿಜವಾಗಿ ಕೂತಲ್ಲೇ ಬರೆದೆಯಾ ಎಂದು ಕೇಳಿದರು, ಹೂಂ ಅಂದೆ. ಆ ಪ್ರಶ್ನೆ ಕಷ್ಟವಾಗಲಿಲ್ಲ. ಇನ್ನೊಂದು ಕೇಳಿದರು: "ಹೆಸರು ಬರೀಬೇಡ ಅಂದಿದ್ನಲ್ಲಮ್ಮ, ಯಾಕೆ ಬರೆದೆ?"

ನೀರು ತರುತ್ತೇನೆಂದು ನಾನು ಎದ್ದು ಒಳಗೆ ಹೋದೆ.

ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದೆ. ಹೊಲಿಗೆ ಬಿಚ್ಚಿ, ಹೆಸರಿದ್ದ ಇಪ್ಪತ್ನಾಲ್ಕೂ ಭಾಗಗಳನ್ನು ಬೇರೆ ಬೇರೆ ಮಾಡಿ, ಒಂದೊಂದಾಗಿ. ಅವ್ವ ಹಂಡೆಯ ನೀರು ಮುಟ್ಟಿ ನೋಡಿ, ಬಿಸಿ ಸಾಕು ಅಂದಳು. ಆದರೆ ಸುಟ್ಟ ಮೇಲೂ ನನಗೆಲ್ಲ ನೆನಪಿತ್ತು. ಹದಿನಾರನೇ ಮನೆಯ ಕ್ರೀಮು, ಹತ್ತನೇ ಮನೆಯಲ್ಲಿ ಯಾರೋ ನುಂಗುತ್ತಿದ್ದ ನಿದ್ದೆಯ ಗುಳಿಗೆ, ಎಲ್ಲ. ಬರೆದದ್ದನ್ನು ಸುಡಬಹುದು, ತಿಳಿದದ್ದನ್ನು ಏನು ಮಾಡುವುದೆಂದು ಗೊತ್ತಾಗದೆ ಬಹಳ ದಿನ ಆ ಓಣಿಗಳಲ್ಲಿ ತಲೆ ತಗ್ಗಿಸಿ ನಡೆದೆ.

ಮರುವರ್ಷ ಸೀಟು ಸಿಕ್ಕಿತು, ಟೀಚರಾದೆ. ಟೀಚರಾದವರನ್ನು ಪಾಠಕ್ಕಿಂತ ಹೆಚ್ಚಾಗಿ ಮನೆ ಎಣಿಸಲು ಕಳಿಸುತ್ತಾರೆ. ಮಕ್ಕಳ ಗಣತಿ, ಮತದಾರರ ಪಟ್ಟಿ, ದನಕರು, ಶೌಚಾಲಯ. ಹೋದ ವರ್ಷಕ್ಕಿಂತ ಈ ವರ್ಷ ಅಂಕಣಗಳು ಜಾಸ್ತಿ. ಈಗ ಮೊಬೈಲಿನ ಸಿಮ್ಮು ಮಾರುವವನೂ ಫೋಟೊ, ಕಾರ್ಡಿನ ಝೆರಾಕ್ಸು ಕೇಳುತ್ತಾನೆ. ಹೊಸಪೇಟೆಯ ಬಟ್ಟೆ ಅಂಗಡಿಯಲ್ಲಿ ಕುಪ್ಪಸದ ಕಣ ಕೊಂಡರೆ ಮೊಬೈಲ್ ನಂಬರು, ಹುಟ್ಟಿದ ದಿನ ಬರೆಯಿರಿ ಅನ್ನುತ್ತಾರೆ, ಬಹುಮಾನ ಇದೆಯಂತೆ. ನಮ್ಮ ಜನ ಖುಷಿಯಿಂದ ಬರೆಯುತ್ತಾರೆ. ಕೇಳಿದವರಿಗೆ ಇಲ್ಲ ಅನ್ನುವುದು ಮರ್ಯಾದೆಯಲ್ಲ ಎಂದು ತಿಳಿದವರು ನಾವು. ಚೀಲ ಖಾಲಿ ಇದ್ದರೆ ತುಂಬಿ ಕೊಡುವವರು.

ನಾನು ನಮೂನೆ ಹಿಡಿದು ಹೋಗುವಾಗ ಒಂದು ರಟ್ಟಿನ ತುಂಡು ಒಯ್ಯುತ್ತೇನೆ. ಒಬ್ಬರ ಸಾಲು ತುಂಬುವಾಗ ಮೇಲಿನ ಸಾಲುಗಳನ್ನು ಅದರಿಂದ ಮುಚ್ಚುತ್ತೇನೆ. ಕೇಳಿದ್ದನ್ನಷ್ಟೇ ಬರೆದು, ಬರೆದದ್ದನ್ನು ಅವರಿಗೆ ಓದಿ ಹೇಳುತ್ತೇನೆ. ಇನ್ನೊಂದು ಪ್ರತಿ ಇಟ್ಟುಕೊಳ್ಳುವುದಿಲ್ಲ. ಜೊತೆಯ ಟೀಚರುಗಳು ನಗುತ್ತಾರೆ, ಒಂದು ಮನೆಗೆ ಇಷ್ಟು ಹೊತ್ತು ಮಾಡಿದರೆ ಮುಗಿಯುವುದು ಯಾವಾಗ ಎಂದು. "ಇಷ್ಟೇನಾ?" ಎಂದು ಮಾತ್ರ ಆಮೇಲೆ ನಾನು ಯಾರನ್ನೂ ಕೇಳಿಲ್ಲ.

ಆ ಚೀಲದ ಕೆಲಸ ಬಿಡುವ ಮೊದಲು, ಕೈಬಿಟ್ಟ ಲೆಕ್ಕವೇ ಆದರೂ, ಕೊನೆಯ ಸಲ ಎಣಿಸಿ ಚೀಲಗಳನ್ನು ವಾಪಸು ತರಬೇಕಿತ್ತು. ಅದೂ ಭಾನುವಾರವೇ. ಮೂರನೇ ಮನೆಯ ಅಜ್ಜಿ ಸೀರೆಗಳ ನಡುವಿನಿಂದ ಒಂದು ಹಾಳೆ ತೆಗೆದು, ಇದು ನಿನಗಿರಲಿ ಎಂದು ಕೊಟ್ಟಳು. ಅದು ನನ್ನ ದಿನಚರಿಯೊಳಗೆ ಈಗಲೂ ಇದೆ, ವಾಸನೆ ಹೋಗಿದೆ. ಹದಿನಾರನೇ ಮನೆಯ ಸೊಸೆ ನೀರು ಕೊಡಲಿಲ್ಲ. ಹೆಡ್ ಮಾಸ್ತರರು ಚೀಲದ ಜೊತೆ ಒಂದು ಹೊಸ ಪೆನ್ಸಿಲು, ಒಂದು ರಬ್ಬರು ಕೊಟ್ಟು, ಚೆನ್ನಾಗಿ ಓದವ್ವ ಅಂದರು. ಅಂದದ್ದು ಅಷ್ಟೇ.

ಭಟ್ಟಿಯ ಅಕ್ಕ ಬಾಗಿಲ ಹಿಂದಿನಿಂದ ಚೀಲ ತೆಗೆದುಕೊಂಡು ಬಂದಳು. ತೆಳ್ಳಗಿತ್ತು. ನಾನು ಮಡಚಿಕೊಳ್ಳಲು ಕೈ ಚಾಚಿದರೆ ಕೊಡದೆ, ತಾನೇ ಲಾಡಿ ಬಿಚ್ಚಿ ಒಳಗೆ ಕೈ ಹಾಕಿದಳು. ನೀಲಿ ಬಟ್ಟೆ ಸೋಪಿನ ಒಂದು ಹಾಳೆ, ನಾಲ್ಕು ಮಡಿಕೆ ಮಾಡಿದ್ದು. ಅದನ್ನು ನನ್ನ ಅಂಗೈ ಮೇಲಿಟ್ಟಳು. ಮಗಳು ಶಾಲೆಯ ಬಿಳಿ ರವಿಕೆಗೆ ಇಸ್ತ್ರಿ ಮಾಡುತ್ತ, ಬಿಸಿ ನೀರಿನ ಚಂಬನ್ನು ಬಟ್ಟೆಯ ಮೇಲೆ ಉಜ್ಜುತ್ತ ಕೂತಿದ್ದಳು.

"ಇದು ನಂದು. ಖರೇನಽ ನಂದು," ಅಂದಳು ಅಕ್ಕ. "ಬರ್ಕೊ."

ಕಂಪನಿಯ ಕೊನೆಯ ನಮೂನೆ ನನ್ನ ಕೈಯಲ್ಲೇ ಇತ್ತು, ಪೆನ್ನೂ ಇತ್ತು. ನಾನು ಹಾಳೆಯನ್ನು ಹಾಗೆಯೇ ಮಡಿಕೆ ಬಿಚ್ಚದೆ ಅವಳ ಕೈಗೆ ವಾಪಸು ಕೊಟ್ಟೆ. ಅವಳು ಒಂದು ಕ್ಷಣ ನೋಡಿ, ಒಲೆಗೆ ಹಾಕಿ, ಚಹಾಕ್ಕಿಟ್ಟಳು.

ಚಹಾ ಕುಡಿದು ಮನೆಗೆ ಬಂದು ದಿನಚರಿ ಬರೆದೆ. ಅವತ್ತಿನ ಪುಟದಲ್ಲಿ, ವಾರ ತಾರೀಖುಗಳ ಕೆಳಗೆ, ಎಣಿಸಿದ ಮನೆಗಳು ಇಪ್ಪತ್ಮೂರು ಎಂದಿದೆ.